ರೀಚ್ ತೋರಿಸಿ ದುಡ್ಡು ಕೇಳ್ಬೇಡಿ

(1/5)
ನಮ್ಮ ಕಾಲೇಜಲ್ಲಿ ಈಗ ಯಾರನ್ನ ಕೇಳಿದ್ರೂ 'ಪೇಜ್ ಹ್ಯಾಂಡಲ್ ಮಾಡ್ತೀನಿ' ಅಂತಾರೆ. ಹೋಟೆಲ್, ಬಟ್ಟೆ ಅಂಗಡಿ, ಮನೇಲಿ ರೊಟ್ಟಿ ಮಾಡಿ ಮಾರೋ ಅಕ್ಕಂದಿರು, ಎಲ್ಲರೂ ಕ್ಲೈಂಟ್ಸ್. ಪಾಕೆಟ್ ಮನಿ ಆಗುತ್ತೆ, ಒಳ್ಳೇದೇ. ಆದ್ರೆ ತಿಂಗಳ ಕೊನೆಗೆ ಓನರ್‌ಗೆ ತೋರಿಸೋದೇನು? 'ಅಣ್ಣಾ, ರೀಚ್ ಸಖತ್ ಬಂದಿದೆ' ಅಂತ ಒಂದು ಸ್ಕ್ರೀನ್‌ಶಾಟ್. ಅಣ್ಣ ಗಲ್ಲಾ ನೋಡ್ತಾರೆ. ಅಲ್ಲಿ ಹೋದ ತಿಂಗಳಷ್ಟೇ ದುಡ್ಡಿದೆ.

ಇದನ್ನ ಮಾರ್ಕೆಟಿಂಗ್ ಅನ್ನಬೇಡಿ ದೋಸ್ತ್. ಬೇರೆಯವರ ದುಡ್ಡಲ್ಲಿ ಲೈಕ್ ಕೊಳ್ಳೋದು ಅಷ್ಟೇ.

(2/5)
ಬೂಸ್ಟ್ ಬಟನ್ ಬಗ್ಗೆ ಮಾತಾಡೋಣ. ನೀವು ಏನು ಕೇಳ್ತೀರೋ ಅದನ್ನ ಮಾಡೋ ಜನರನ್ನ ಮೆಟಾ ಹುಡುಕಿ ಕೊಡುತ್ತೆ. ಲೈಕ್, ಕಾಮೆಂಟ್ ಕೇಳಿದ್ರೆ ಸಿಕ್ಕಿದ್ದಕ್ಕೆಲ್ಲ ಲೈಕ್ ಒತ್ತೋರು ಸಿಗ್ತಾರೆ. ಅವರು ಕೊಳ್ಳೋರೇ ಆಗಿರಬೇಕು ಅಂತೇನಿಲ್ಲ.

ಬೂಸ್ಟ್‌ನಲ್ಲೇ ಪ್ರೊಫೈಲ್ ವಿಸಿಟ್, ವೆಬ್‌ಸೈಟ್ ವಿಸಿಟ್, ಮೆಸೇಜ್ ಅಂತ ಆಯ್ಕೆ ಇದೆ. ನಾವು ಓದದೇ ನೆಕ್ಸ್ಟ್, ನೆಕ್ಸ್ಟ್ ಒತ್ತುತೀವಿ. ಆ್ಯಡ್ಸ್ ಮ್ಯಾನೇಜರ್ ತೆರೆದ್ರೆ ಮೊದಲ ಪ್ರಶ್ನೆನೇ 'ನಿನ್ನ ಉದ್ದೇಶ ಏನು' ಅನ್ನೋದು. ಅವೇರ್ನೆಸ್, ಟ್ರಾಫಿಕ್, ಎಂಗೇಜ್ಮೆಂಟ್, ಲೀಡ್ಸ್, ಆ್ಯಪ್ ಪ್ರಮೋಷನ್, ಸೇಲ್ಸ್ ಅಂತ ಆರು ಇವೆ. ವಾಟ್ಸಾಪ್‌ನಲ್ಲಿ ಆರ್ಡರ್ ತಗೊಳ್ಳೋ ಅಕ್ಕನಿಗೆ, ಒತ್ತಿದ್ರೆ ನೇರ ಅವರ ವಾಟ್ಸಾಪ್ ಚಾಟ್ ತೆರೆಯೋ ಆ್ಯಡ್ ಹಾಕಿ. ಎಷ್ಟು ಜನ ನೋಡಿದ್ರು ಅನ್ನೋದು ಬಿಡಿ, ಎಷ್ಟು ಜನ 'ರೇಟ್ ಎಷ್ಟು' ಅಂತ ಕೇಳಿದ್ರು ಅದನ್ನ ಎಣಿಸಿ.

(3/5)
ಎರಡನೇದು, ಯಾವ ಊರಿಗೆ ತೋರಿಸ್ತಿದೀರಿ?

ದಾವಣಗೆರೆ ಬೆಣ್ಣೆ ದೋಸೆ ಕಲ್ಲಿನಿಂದ ಎತ್ತಿದ ಐದು ನಿಮಿಷದಲ್ಲಿ ತಿನ್ನಬೇಕು. ಅದರ ಆ್ಯಡ್ ಇಡೀ ಕರ್ನಾಟಕಕ್ಕೆ ಯಾಕೆ? ಮ್ಯಾಪಲ್ಲಿ ಅಂಗಡಿ ಮೇಲೆ ಪಿನ್ ಹಾಕಿ, ಸುತ್ತ ಕೆಲವೇ ಕಿಲೋಮೀಟರ್ ಸಾಕು. ಬೆಳಗಿನ ತಿಂಡಿ ಹೊತ್ತಿಗೆ ಕಾಣಲಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಥೆ ಬೇರೆ. ಅವು ಕೆಡಲ್ಲ, ಕೊರಿಯರ್‌ನಲ್ಲಿ ಹೋಗ್ತವೆ. ಅದರ ಗಿರಾಕಿ ಬೆಂಗಳೂರಲ್ಲಿ ರೂಮ್ ಮಾಡ್ಕೊಂಡಿರೋ ನಮ್ಮ ಕಡೆ ಹುಡುಗರು. ಅಲ್ಲಿಗೆ ತೋರಿಸಿ, ಕನ್ನಡದಲ್ಲೇ ಬರೀರಿ. 'ಪ್ರೀಮಿಯಂ ಮಿಲೆಟ್ ಫ್ಲಾಟ್‌ಬ್ರೆಡ್' ಅಂದ್ರೆ ಅವರಿಗೆ ಅವ್ವನ ನೆನಪು ಬರಲ್ಲ.

'ಬ್ರ್ಯಾಂಡ್ ಅವೇರ್ನೆಸ್ ಆಗುತ್ತಲ್ಲ' ಅಂತೀರಾ? ಸೋಪ್ ಕಂಪನಿಗೆ ಆಗುತ್ತೆ, ಅವರ ಸೋಪು ಪ್ರತಿ ಕಿರಾಣಿ ಅಂಗಡೀಲಿ ಸಿಗುತ್ತೆ. ಒಂದೇ ಅಂಗಡಿ ಇರೋರನ್ನ ದೆಹಲಿಯವರು ನೋಡಿ ಏನು ಮಾಡ್ಬೇಕು?

(4/5)
ಈಗ ಲೆಕ್ಕ. ನಾವು ಬಿಕಾಂ, ಮಾರ್ಜಿನಲ್ ಕಾಸ್ಟಿಂಗ್ ಪರೀಕ್ಷೆಗೆ ಮಾತ್ರಾನಾ?

ಉದಾಹರಣೆಗೆ 20 ರೊಟ್ಟಿಯ ಪ್ಯಾಕ್ ₹200 ಅಂತಿಟ್ಕೊಳ್ಳಿ. ಹಿಟ್ಟು, ಗ್ಯಾಸು, ಪ್ಯಾಕಿಂಗ್, ಕೊರಿಯರ್ ಕಳೆದು ಉಳಿಯೋದು ₹50. ಆ್ಯಡ್‌ಗೆ ₹1,000, ಅದರ ಮೇಲೆ 18% ಜಿಎಸ್‌ಟಿ, ಒಟ್ಟು ₹1,180. ಅಕ್ಕ ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ ಅಂದ್ರೆ ಆ ₹180ಕ್ಕೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಹೋಯ್ತು ಅಂದ್ರೆ ಹೋಯ್ತು. 1,180 ಭಾಗಿಸು 50, ಅಂದ್ರೆ 24 ಪ್ಯಾಕ್.

24 ಪ್ಯಾಕ್ ಅಂದ್ರೆ 480 ರೊಟ್ಟಿ. ಒಲೆ ಮುಂದೆ ಕೂತು 480 ರೊಟ್ಟಿ ಬಡಿದ್ರೆ ಬರೀ ಆ್ಯಡ್ ಖರ್ಚು ತೀರುತ್ತೆ. ಲಾಭ ಶುರುವಾಗೋದು 481ನೇ ರೊಟ್ಟಿಯಿಂದ. ಇದರಲ್ಲಿ ನಿಮ್ಮ ಫೀಸು ಇನ್ನೂ ಸೇರಿಲ್ಲ! ಬಟನ್ ಒತ್ತೋ ಮುಂಚೆ ಈ ಲೆಕ್ಕ ಅವರ ಮುಂದೆ ಇಟ್ಟಿದೀರಾ?

(5/5)
ಇನ್ನೊಂದು ಸೋರಿಕೆ: ಫುಡ್ ಪೇಜ್‌ಗಳ 'ಪೇಯ್ಡ್ ರೀಲ್'. ದುಡ್ಡು ಕೊಡೋ ಮುಂಚೆ ಅವರ ಇನ್‌ಸೈಟ್ಸ್‌ನಲ್ಲಿ ಟಾಪ್ ಸಿಟೀಸ್ ತೋರಿಸಿ ಅನ್ನಿ. ಫಾಲೋವರ್ಸ್ ನಿಮ್ಮೂರಲ್ಲಿ ಇಲ್ಲ ಅಂದ್ರೆ ನಮಸ್ಕಾರ ಹೇಳಿ ಬನ್ನಿ. ದುಡ್ಡು ತಗೊಂಡ ರೀಲ್‌ಗೆ 'ಜಾಹೀರಾತು' ಅಂತ ಸ್ಪಷ್ಟವಾಗಿ ಹಾಕ್ಬೇಕು, ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿ ಇದೆ. ದಾರಿ ತಪ್ಪಿಸೋ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಇದೆ, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ.

ದುಡ್ಡು ಖರ್ಚು ಮಾಡೋ ಮುಂಚೆ ಫ್ರೀ ಕೆಲಸ ಮುಗಿಸಿ. ಗೂಗಲ್ ಮ್ಯಾಪ್ಸ್‌ನಲ್ಲಿ ಅಂಗಡಿ ಸೇರಿಸಿ, ಸರಿಯಾದ ಟೈಮಿಂಗ್ಸ್ ಹಾಕಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ರೇಟ್ ಸಮೇತ ಕ್ಯಾಟಲಾಗ್ ಮಾಡಿ. ಮೆಟಾ ಆ್ಯಡ್ ಲೈಬ್ರರೀಲಿ ಪಕ್ಕದ ಅಂಗಡಿಯವರು ಈಗ ಏನು ಆ್ಯಡ್ ಓಡಿಸ್ತಿದಾರೆ ಅಂತ ಯಾರು ಬೇಕಾದ್ರೂ ನೋಡಬಹುದು.

ಮುಂದಿನ ತಿಂಗಳು ಕ್ಲೈಂಟ್ ಹತ್ರ ಹೋಗುವಾಗ ಸ್ಕ್ರೀನ್‌ಶಾಟ್ ಬಿಟ್ಟು ಮೂರು ನಂಬರ್ ಒಯ್ಯಿರಿ: ಖರ್ಚೆಷ್ಟು, ಆರ್ಡರ್ ಎಷ್ಟು, ಉಳಿದಿದ್ದೆಷ್ಟು. ಮೂರನೇದು ಮೈನಸ್ ಇದ್ರೆ ಅದನ್ನೂ ಬಾಯಿಬಿಟ್ಟು ಹೇಳಿ. ಹೇಳೋಕೆ ಧೈರ್ಯ ಇಲ್ಲ ಅಂದ್ರೆ ಫೀಸ್ ಕೇಳೋ ಹಕ್ಕೂ ಇಲ್ಲ.

ಪೇಜ್ ಹ್ಯಾಂಡಲ್ ಮಾಡೋ ಫ್ರೆಂಡ್‌ನ ಟ್ಯಾಗ್ ಮಾಡಿ. ಬೈಕೊಂಡ್ರೂ ಪರ್ವಾಗಿಲ್ಲ, ಓದಲಿ 👇

#ಬಿಕಾಂಹುಡುಗರು #ಸಣ್ಣವ್ಯಾಪಾರ #ರೀಚ್‌ಅಲ್ಲಲೆಕ್ಕ