ಎರಡು ತುಂಡಾದ ಟ್ರ್ಯಾಕ್ಟರು

ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ರಿಪೇರಿಗಳನ್ನು ಕುರಿತು ಈ ಅಂಕಣದಲ್ಲಿ ಬರೆಯುತ್ತ ಬಂದಿದ್ದೇವೆ. ಹೊಲಿಗೆ ಯಂತ್ರವಾಯಿತು, ನೀರಿನ ಪಂಪಾಯಿತು. ಈ ವಾರದ್ದು ಮೇಜಿನ ಮೇಲೆ ಇಟ್ಟುಕೊಂಡು ಮಾಡುವ ಕೆಲಸವಲ್ಲ. ಎರಡು ಸಾವಿರ ಕಿಲೋದಷ್ಟು ತೂಗುವ ಯಂತ್ರವೊಂದನ್ನು ಮನೆಯ ಅಂಗಳದಲ್ಲಿ ನಡುವಿನಿಂದ ಎರಡು ತುಂಡು ಮಾಡಿ ನಿಲ್ಲಿಸುವ ಕೆಲಸ. ಪಟ್ಟಣದಲ್ಲಿರುವ ನಮಗೇಕೆ ಇದು ಎಂದು ವಾಚಕರು ಕೇಳಬಹುದು. ಊರಿನಲ್ಲಿ ಅಣ್ಣನೋ ಭಾವನೋ ಒಕ್ಕಲುತನ ಮಾಡಿಕೊಂಡಿರುವ ಮನೆತನಗಳೇ ನಮ್ಮಲ್ಲಿ ಹೆಚ್ಚು. ರಜೆಗೆಂದು ಹೋದ ಮಕ್ಕಳು ಆಡುವುದೂ ಅದೇ ಅಂಗಳದಲ್ಲಿ.

ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನಲ್ಲಿರುವ ಕಕ್ಕೇರಾದ ಕಡೆಯನ್ನೇ ನೋಡೋಣ. ಜೋಳ, ಸಜ್ಜೆ, ತೊಗರಿಗಳ ಸೀಮೆ ಅದು. ನಾರಾಯಣಪುರದ ಬಳಿ ಕೃಷ್ಣೆಗೆ ಕಟ್ಟಿದ ಬಸವಸಾಗರ ಅಣೆಕಟ್ಟು 1982ರಲ್ಲಿ ಪೂರ್ಣವಾದ ಮೇಲೆ ಎಡದಂಡೆ ಕಾಲುವೆಯ ನೀರಿನ ಹಿಂದೆಯೇ ಭತ್ತವೂ ಆ ತಾಲೂಕಿಗೆ ಬಂದಿತು. ಭತ್ತವೆಂದರೆ ಕೆಸರು. ನೀರು ನಿಂತ ಎರೆಮಣ್ಣಿನ ಗದ್ದೆಯಲ್ಲಿ ಕಬ್ಬಿಣದ ಗಾಲಿ ಕಟ್ಟಿಕೊಂಡು ಟ್ರ್ಯಾಕ್ಟರು ದಿನವಿಡೀ ತಿರುಗಬೇಕು. ಬದುವಿಗೆ ಬಂದಾಗಲೆಲ್ಲ ಚಾಲಕನು ಕ್ಲಚ್ ತುಳಿಯಬೇಕು. ಇಂಜಿನಿನ ಬಲವನ್ನು ಗೇರುಗಳಿಗೆ ದಾಟಿಸುವುದು ಹನ್ನೊಂದು ಹನ್ನೆರಡು ಅಂಗುಲ ಅಗಲದ ಒಂದು ತಟ್ಟೆಯ ಉಜ್ಜಾಟದಿಂದ ಮಾತ್ರ. ಅರೆಬರೆ ತುಳಿದ ಕಾಲು ಆ ತಟ್ಟೆಯನ್ನು ಸುಡುತ್ತದೆ. ನಾಟಿಯ ಹೊತ್ತಿಗೇ ಅದು ಸೋಲುವುದು ದುರದೃಷ್ಟವಲ್ಲ, ಲೆಕ್ಕಾಚಾರ. ಕಾಲುವೆಯಲ್ಲಿ ನೀರು ಹರಿಯುತ್ತಿರುವಾಗ ದೂರದ ಗ್ಯಾರೇಜಿನ ಬಾಗಿಲಲ್ಲಿ ಸರದಿ ಕಾಯುವವರಾರು? ಮಿಸ್ತ್ರಿಯೇ ಮನೆಗೆ ಬರುತ್ತಾನೆ, ಇಲ್ಲವೆ ಮನೆಯ ಹುಡುಗರೇ ಪಾನಾ ಹಿಡಿಯುತ್ತಾರೆ.

ಆದರೆ ಪಾನಾ ಹಿಡಿಯುವ ಮುನ್ನ ಪೆಡಲನ್ನು ಕೈಯಿಂದ ಒತ್ತಿ ನೋಡತಕ್ಕದ್ದು. ಬಿಗಿ ಹತ್ತುವುದಕ್ಕೆ ಮುಂಚೆ ಸುಮಾರು ಒಂದು ಅಂಗುಲ ಸಡಿಲ ಆಟವಿರಬೇಕು. ಸರಿಯಾದ ಅಳತೆ ಆಯಾ ಯಂತ್ರದ ಕೈಪಿಡಿಯಲ್ಲಿರುತ್ತದೆ. ಆಟವೇ ಇಲ್ಲದಿದ್ದರೆ ತಟ್ಟೆ ಸವೆಯದಿದ್ದರೂ ಜಾರುತ್ತದೆ. ಸಲಾಕೆಯ ಒಂದು ನಟ್ಟು ತಿರುಗಿಸಿ ಮುಗಿಸಬಹುದಾದ ಕೆಲಸಕ್ಕೆ ಯಂತ್ರವನ್ನೇ ಬಿಚ್ಚಿ ಹಾಕಿದವರಿದ್ದಾರೆ!

ಜೀಪಿಗೆ ಕೆಳಗೆ ಚಾಸಿ ಇರುವುದರಿಂದ ಗೇರ್ ಬಾಕ್ಸನ್ನು ಅಡಿಯಿಂದ ಇಳಿಸಿದರೂ ಗಾಡಿ ಗಾಡಿಯಾಗಿಯೇ ನಿಂತಿರುತ್ತದೆ. ಸಾಮಾನ್ಯ ಟ್ರ್ಯಾಕ್ಟರಿಗೆ ಅಂತಹ ಚೌಕಟ್ಟಿಲ್ಲ. ಇಂಜಿನ್, ಕ್ಲಚ್ಚಿನ ಮನೆ, ಗೇರ್ ಬಾಕ್ಸ್, ಹಿಂದಿನ ಅಚ್ಚು ಇವನ್ನು ಒಂದಕ್ಕೊಂದು ಬೋಲ್ಟಿನಿಂದ ಬಿಗಿದದ್ದೇ ಅದರ ಬೆನ್ನೆಲುಬು. 1917ರಲ್ಲಿ ಹೆನ್ರಿ ಫೋರ್ಡನ ಫೋರ್ಡ್‌ಸನ್ ಜಗತ್ತಿಗೆಲ್ಲ ಹಬ್ಬಿಸಿದ ಕಟ್ಟಡ ಇದು. ಅಗ್ಗವೂ ಹೌದು, ಗಟ್ಟಿಯೂ ಹೌದು. ಕ್ಲಚ್ ತಟ್ಟೆ ಬೇಕೆಂದರೆ ಮಾತ್ರ ಬೆನ್ನೆಲುಬನ್ನೇ ಮುರಿಯಬೇಕು.

ಪ್ರಾಣದ ಪ್ರಶ್ನೆ ಇರುವುದು ಇಲ್ಲಿಯೇ. ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವೆ ಒಂದೇ ಗೂಟದ ಮೇಲೆ ತಕ್ಕಡಿಯ ದಂಡಿಗೆಯಂತೆ ಆಡುತ್ತದೆ. ಹೊಲದ ಏರುತಗ್ಗಿನಲ್ಲಿ ನಾಲ್ಕು ಗಾಲಿಗಳೂ ನೆಲ ಮುಟ್ಟಲೆಂದು ಮಾಡಿದ ಏರ್ಪಾಡು ಅದು. ಹಿಂಭಾಗ ಕಳಚಿದೊಡನೆ ಇಂಜಿನನ್ನು ನೆಟ್ಟಗೆ ಹಿಡಿಯುವವರು ಯಾರೂ ಇರುವುದಿಲ್ಲ. ಎಡಕ್ಕೋ ಬಲಕ್ಕೋ ಒಮ್ಮೆಲೇ ಉರುಳಬಹುದು. ಆದ್ದರಿಂದ ಮೊದಲ ಬೋಲ್ಟು ಸಡಿಲಿಸುವುದಕ್ಕೆ ಮೊದಲೇ ಅಚ್ಚಿಗೂ ಅದರ ಮೇಲಿನ ಬೀಡಿಗೂ ನಡುವೆ ಎರಡೂ ಬದಿಯಲ್ಲಿ ಗಟ್ಟಿ ಮರದ ಬೆಣೆಗಳನ್ನು ಬಡಿದು ಕೂರಿಸಬೇಕು. ಮುಂದೆ ತೂಕದ ಗುಂಡುಗಳಿದ್ದರೆ ತೆಗೆದಿಡಬೇಕು. ಹಿಂದಿನ ಗಾಲಿಗಳಿಗೆ ತಡೆ, ಎರಡು ಭಾಗಗಳ ಕೆಳಗೂ ಮರದ ದಿಮ್ಮಿ. ಜಾಕು ಎತ್ತುವುದಕ್ಕೇ ಹೊರತು ಹೊತ್ತು ನಿಲ್ಲುವುದಕ್ಕಲ್ಲ. ಬೇವಿನ ಕೊಂಬೆಗೆ ಚೈನು ಕಟ್ಟಿ ಇಂಜಿನ್ ತೂಗುಹಾಕುವ ಸಾಹಸವನ್ನು ನಾವು ಒಪ್ಪುವುದಿಲ್ಲ. ಮಳೆಗೆ ಮೆತ್ತಗಾದ ಎರೆನೆಲದ ಮೇಲಂತೂ ಈ ಕೆಲಸ ಸಲ್ಲದು, ಗಚ್ಚಿನ ನೆಲ ಬೇಕು. ಅದಿಲ್ಲದ ಮನೆಯವರು ಎಷ್ಟೇ ಅವಸರವಿದ್ದರೂ ಗ್ಯಾರೇಜಿಗೇ ಹೋಗಲಿ. ಮಕ್ಕಳನ್ನು ಆ ದಿನ ಹಿತ್ತಿಲಿಗೆ ಕಳುಹಿಸುವುದು ಮನೆಯ ಹೆಂಗಸರ ತೀರ್ಮಾನಕ್ಕೆ ಬಿಟ್ಟರೆ ಕ್ಷೇಮ.

ಬ್ಯಾಟರಿಯ ತಂತಿ ಕಳಚುವುದು, ನಳಿಗೆಗಳಿಗೆ ಚಿಂದಿ ಕಟ್ಟಿ ಗುರುತಿಡುವುದು, ಇವನ್ನು ವಿಸ್ತರಿಸಬೇಕಾಗಿಲ್ಲ. ತೆರೆದ ಮೇಲೆ ಕಾಣುವ ಕಪ್ಪು ಧೂಳನ್ನು ಮಾತ್ರ ಬಾಯಿಂದ ಊದಬಾರದು. ಹಳೆಯ ತಟ್ಟೆಗಳಲ್ಲಿ ಕಲ್ನಾರು ಬೆರೆತಿರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಹೊಸ ತಟ್ಟೆಯನ್ನು ಕೂರಿಸಲು ಆತುರಪಡುವವರು ಹಳೆಯದು ಏಕೆ ಹೋಯಿತೆಂದು ಕೇಳುವುದೇ ಇಲ್ಲ. ಕ್ಲಚ್ಚಿನ ಮನೆಯ ತಳದಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ರಂಧ್ರವಿರುತ್ತದೆ. ಅಲ್ಲಿಂದ ತೊಟ್ಟಿಕ್ಕಿದ ಎಣ್ಣೆ ತೆಳ್ಳಗೆ ಕಪ್ಪಗಿದ್ದರೆ ಇಂಜಿನಿನ ಸೀಲು ಹೋಗಿದೆ. ಮಂದವಾಗಿ ಘಾಟು ವಾಸನೆ ಇದ್ದರೆ ಗೇರ್ ಬಾಕ್ಸಿನದು. ಸೀಲನ್ನು ಬದಲಿಸದೆ ತಟ್ಟೆಯನ್ನು ಬದಲಿಸಿದರೆ ಮುಂದಿನ ಬೆಳೆಗೆ ಮತ್ತೆ ಬೆನ್ನೆಲುಬು ಮುರಿಯುವ ಸಂಭ್ರಮ. ಎಣ್ಣೆಯ ಬದಲು ಕೆಸರೇ ಒಳಗೆ ಗಟ್ಟಿಯಾಗಿ ಕುಳಿತಿದ್ದರೆ, ಗದ್ದೆಗೆ ಇಳಿಯುವಾಗ ಆ ರಂಧ್ರಕ್ಕೆ ಬಿರಡೆ ಹಾಕಿರಲಿಲ್ಲವೆಂದು ತಿಳಿಯಬೇಕು. ಕೆಸರಿನ ಕೆಲಸ ಮುಗಿದೊಡನೆ ಬಿರಡೆಯನ್ನು ತೆಗೆಯಲೂಬೇಕು. ಫ್ಲೈವೀಲಿನ ಮುಖದಲ್ಲಿ ಬಿರುಕು, ಗೀರುಗಳಿದ್ದರೆ ಲೇಥಿಗೆ ಕಳುಹಿಸಬೇಕು. ಅದರ ನಡುವಿನ ಪುಟ್ಟ ಬೇರಿಂಗನ್ನೂ ಕ್ಲಚ್ಚನ್ನು ಒತ್ತುವ ಬೇರಿಂಗನ್ನೂ ತಿರುಗಿಸಿ ನೋಡಿ, ಗರಗರ ಎಂದರೆ ಬದಲಿಸಬೇಕು.

ಬಿಚ್ಚುವುದಕ್ಕಿಂತ ಕೂಡಿಸುವುದೇ ಕಷ್ಟ. ಗೇರ್ ಬಾಕ್ಸಿನ ಹಲ್ಲುಗೀರಿದ ಕಂಬಿ ತಟ್ಟೆಯ ನಡುವಿನ ತೂತಿನಲ್ಲಿ ನೇರವಾಗಿ ಇಳಿಯಬೇಕು. ತಟ್ಟೆಯನ್ನು ಬಿಗಿಯುವಾಗಲೇ ಅಂತಹುದೇ ಹಳೆಯ ಕಂಬಿಯೊಂದನ್ನು ತೂರಿಸಿ ನಡುವಿಗೆ ತಂದುಕೊಂಡಿದ್ದರೆ ಅರ್ಧ ಕೆಲಸ ಆದಂತೆ. ಆಮೇಲೆ ಒಬ್ಬನು ಫ್ಲೈವೀಲನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಉಳಿದವರು ಒಂದು ಭಾಗವನ್ನು ಮೆಲ್ಲನೆ ತಳ್ಳುತ್ತ ಹೋಗಬೇಕು. ಕೊನೆಯ ಅರ್ಧ ಅಂಗುಲದ ಸಂದಿ ಮುಚ್ಚದೆ ಎಲ್ಲರ ತಾಳ್ಮೆಯೂ ಕೆಡುವ ಗಳಿಗೆ ಅದು. ಬೋಲ್ಟು ಹಾಕಿ ಎಳೆದುಬಿಡೋಣವೆಂದು ಯಾರಾದರೂ ಹೇಳಿಯೇ ಹೇಳುತ್ತಾರೆ. "ಎಳೀಬ್ಯಾಡ ತಮ್ಮಾ, ಹಲ್ಲು ಕೂಡಿದ್ರ ತಾನಾ ಬರ್ತದ" ಎನ್ನುವ ಮಿಸ್ತ್ರಿಯ ಮಾತನ್ನು ಕೇಳುವುದೇ ಲೇಸು. ಎಳೆದರೆ ತಟ್ಟೆಯ ನಡು ಬಾಗುತ್ತದೆ, ಇಲ್ಲವೆ ಬೀಡಿನ ಕಿವಿ ಸೀಳುತ್ತದೆ. ಬೀಡು ಸೀಳಿದರೆ ಆ ಬೆಳೆಯ ಲಾಭವೆಲ್ಲ ಅದಕ್ಕೇ.

ಸಂದಿ ಪೂರ್ತಿ ಮುಚ್ಚಿ ಬೋಲ್ಟುಗಳೆಲ್ಲ ಬಿಗಿಯಾದ ನಂತರವೇ ಬೆಣೆ ತೆಗೆಯಬೇಕು. ಪೆಡಲಿನ ಆಟವನ್ನು ಅಂದೇ ಅಳೆದಿಟ್ಟು, ಕೆಲವು ದಿನ ಹೊಲದಲ್ಲಿ ದುಡಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಹೊಸ ತಟ್ಟೆ ಕೂತಂತೆ ಆಟ ಕಡಿಮೆಯಾಗಿರುತ್ತದೆ.