ಎರಡು ದಿನ ಮನೆ ಬಿಟ್ಟರೆ ಮನೆ ಮುಳುಗುವುದಿಲ್ಲ

ಬಿಸಿ ಅನ್ನವನ್ನು ಬಿಸಿಯಿರುವಾಗಲೇ ಕುಳಿತು ನೀವು ಉಂಡದ್ದು ಯಾವಾಗ? ನನ್ನ ಚಿಕಿತ್ಸಾಲಯಕ್ಕೆ ಬರುವ ನಲವತ್ತು ದಾಟಿದ ಹೆಂಗಸರಿಗೆ ನಾನು ಆಗಾಗ ಈ ಪ್ರಶ್ನೆ ಕೇಳುವುದುಂಟು. ಬಹಳ ಮಂದಿ ನಕ್ಕುಬಿಡುತ್ತಾರೆ. ಕೆಲವರು ಯೋಚಿಸಿ, "ತವರಿಗೆ ಹೋದಾಗ" ಎನ್ನುತ್ತಾರೆ. ತವರಿನಲ್ಲಿ ತಾಯಿ ಇಲ್ಲದವರು ಸುಮ್ಮನಾಗುತ್ತಾರೆ.

ಬೆನ್ನು ನೋವು, ತಲೆ ಭಾರ, ನಿದ್ದೆ ಇಲ್ಲ, ಕೈಕಾಲಿನಲ್ಲಿ ಸೆಳೆತ ಎಂದು ಬಂದವರಿಗೆ ನಾವು ವೈದ್ಯರು ರಕ್ತ ಪರೀಕ್ಷೆ ಬರೆಯುತ್ತೇವೆ, ಗುಳಿಗೆ ಕೊಡುತ್ತೇವೆ. ಅದು ಬೇಕಾದದ್ದೇ. ಆದರೆ ಇತ್ತೀಚೆಗೆ ಚೀಟಿಯ ಕೊನೆಗೆ ಇನ್ನೊಂದು ಸಾಲನ್ನೂ ಸೇರಿಸುವ ಅಭ್ಯಾಸ ಮಾಡಿಕೊಂಡಿದ್ದೇನೆ: 'ವರ್ಷಕ್ಕೊಮ್ಮೆಯಾದರೂ ಗೆಳತಿಯರೊಂದಿಗೆ ಎರಡು ದಿನ ಬೇರೆ ಊರು.' ಗಂಡ, ಮಕ್ಕಳು, ಅತ್ತೆ, ನೆಂಟರು ಯಾರೂ ಜೊತೆಗಿಲ್ಲದೆ.

ಇದು ಉಳ್ಳವರ ಶೋಕಿಯಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಎಣಿಸಿದ್ದೆ, 2023ರ ಸೆಪ್ಟೆಂಬರ್‌ವರೆಗೆ.

ನಾಲ್ವರು ಗೆಳತಿಯರು

ಧಾರವಾಡದ ಹಾಸ್ಟೆಲಿನಲ್ಲಿ ಒಟ್ಟಿಗೆ ಇದ್ದ ನಾವು ನಾಲ್ವರು ಮೂವತ್ತು ವರ್ಷಗಳಲ್ಲಿ ಒಂದೇ ಒಂದು ರಾತ್ರಿಯೂ ಜೊತೆಯಲ್ಲಿ ಕಳೆದಿರಲಿಲ್ಲ. ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಭೇಟಿ. ಊಟದ ಪಂಕ್ತಿಯಲ್ಲಿ ಎರಡು ಮಾತು. ಬಸ್ಸಿಗೆ ಹೊತ್ತಾಯಿತೆಂದು ಬೀಳ್ಕೊಡುಗೆ. ಆ ವರ್ಷ ಜೂನ್ 11ರಂದು 'ಶಕ್ತಿ' ಯೋಜನೆ ಆರಂಭವಾಗಿ, ರಾಜ್ಯದ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣ ಕೊಡುವ ಪ್ರಮೇಯ ತಪ್ಪಿತ್ತು. "ಇನ್ನು ಖರ್ಚಿನ ನೆಪ ಹೇಳೂ ಹಂಗಿಲ್ಲ" ಎಂದು ಒಬ್ಬಳು ಪಟ್ಟು ಹಿಡಿದಳು. ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿ ಮುಂಡಗೋಡದ ಮೇಲೆ ಶಿರಸಿಗೆ ಹೋದೆವು. ಶಿರಸಿಯ ಹತ್ತಿರದ ಹಳ್ಳಿಯೊಂದರಲ್ಲಿ, ಅತಿಥಿಗಳಿಗೆಂದು ಎರಡು ಕೋಣೆ ಇಟ್ಟುಕೊಂಡಿದ್ದ ಅಡಕೆ ತೋಟದ ಮನೆಯಲ್ಲಿ ಉಳಿದೆವು.

ಎರಡು ದಿನದಲ್ಲಿ ನಾವು ಮಾಡಿದ್ದು ಬಹಳವೇನಿಲ್ಲ. ಬನವಾಸಿಯ ಮಧುಕೇಶ್ವರನ ದರ್ಶನವಾಯಿತು. ಶಾಲ್ಮಲೆಯ ನೀರಿನಲ್ಲಿ ಕಾಲು ಇಳಿಬಿಟ್ಟು ಕುಳಿತೆವು. ಬಾಳೆಲೆ ತುಂಬ ಉಂಡೆವು, ಮಧ್ಯಾಹ್ನ ಮಲಗಿದೆವು. ಎರಡನೆಯ ದಿನ ಒಬ್ಬರಿಗೊಬ್ಬರು ತಲೆಗೆ ಎಣ್ಣೆ ಹಚ್ಚಿಕೊಂಡೆವು. ಯಾರೂ "ನನ್ನ ಶರ್ಟು ಎಲ್ಲಿ?" ಎಂದು ಕೂಗಲಿಲ್ಲ.

ಒಂದು ರಾತ್ರಿಯ ಮಾತು

ಮುಖ್ಯ ಸಂಗತಿ ನಡೆದದ್ದು ಮೊದಲ ರಾತ್ರಿ. ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಹಳೆಯದನ್ನೆಲ್ಲ ನೆನೆದು ನಕ್ಕು ಸಾಕಾಗಿ, ಎಲ್ಲರೂ ಸುಮ್ಮನಾಗಿದ್ದ ಹೊತ್ತು. ನಮ್ಮಲ್ಲಿ ಅತಿ ಕಡಿಮೆ ಮಾತಿನವಳು ಮೆಲ್ಲಗೆ, "ನಿನ್ನ ಹತ್ರ ಒಂದು ಮಾತು ಕೇಳಬೇಕು. ಮುಟ್ಟು ನಿಂತು ಮೂರು ವರ್ಷ ಆತು. ಈಗ ಆರು ತಿಂಗಳಿಂದ ನಡುನಡುವ ಮತ್ತ ಕಾಣಸಲಿಕ್ಕತ್ತದ" ಎಂದಳು.

ನನಗೆ ಎದೆ ಧಸಕ್ಕೆಂದಿತು. "ಇಷ್ಟು ದಿನ ಯಾಕ ಹೇಳಲಿಲ್ಲ? ತಿಂಗಳಿಗೊಮ್ಮೆ ಫೋನ್ ಮಾಡತೀನಲ್ಲ, ಆರಾಮ ಅಂತೀಯಲ್ಲ?"

"ನೀ ಫೋನ್ ಮಾಡಿದಾಗ ಎದುರಿಗೆ ಯಾರಾದರೂ ಇರತಾರ. ಯಾವಾಗ ಹೇಳಲಿ?"

ಊರಿಗೆ ಮರಳಿದ ವಾರದಲ್ಲೇ ಸ್ಕ್ಯಾನಿಂಗ್ ಆಯಿತು. ಗರ್ಭಕೋಶದ ಒಳಪದರದ ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಒಳಪದರದ ಕ್ಯಾನ್ಸರ್, ಮೊದಲ ಹಂತ. ಶಸ್ತ್ರಚಿಕಿತ್ಸೆಯಾಯಿತು. ಈಗ ನಿಗದಿಯಂತೆ ತಪಾಸಣೆಗೆ ಹೋಗುತ್ತಾಳೆ, ಆರಾಮವಾಗಿದ್ದಾಳೆ. ಈ ಸಲ ನಿಜವಾದ ಆರಾಮ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. "ನನ್ನ ಹೆಸರು ಬ್ಯಾಡ, ಆದರ ವಿಷಯ ಬರಿ" ಎಂದಿದ್ದಾಳೆ.

ಓದುಗ ಸೋದರಿಯರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಹನ್ನೆರಡು ತಿಂಗಳು ಮುಟ್ಟು ನಿಂತ ಮೇಲೆ ಒಂದೇ ಒಂದು ಕಲೆ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹೆದರಬೇಕಿಲ್ಲ, ಬಹುತೇಕರಲ್ಲಿ ಕಾರಣ ಸಣ್ಣದೇ ಆಗಿರುತ್ತದೆ. ಒಳಪದರ ತೆಳುವಾಗಿರಬಹುದು, ಚಿಕ್ಕ ದುರ್ಮಾಂಸ ಬೆಳೆದಿರಬಹುದು. ಆದರೆ ಸುಮಾರು ಹತ್ತು ಮಂದಿಯಲ್ಲಿ ಒಬ್ಬರಿಗೆ ಅದು ಕ್ಯಾನ್ಸರಿನ ಸೂಚನೆ. ಆ ಒಬ್ಬರು ಯಾರೆಂದು ಪರೀಕ್ಷೆಯಿಲ್ಲದೆ ಹೇಳಲಾಗದು. ಬೇಗ ಸಿಕ್ಕರೆ ಬಹಳಷ್ಟು ಮಂದಿ ಪೂರ್ಣ ಗುಣವಾಗುತ್ತಾರೆ.

ಬಿಡುವೂ ಒಂದು ಔಷಧಿ

ಆ ರಾತ್ರಿ ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ದಿನಕ್ಕೆ ಎಷ್ಟೋ ಹೆಂಗಸರನ್ನು ನೋಡುವ ನಾನು, ಎಷ್ಟು ಜನರಿಗೆ ಒಬ್ಬರೇ ಕುಳಿತು ಮಾತಾಡುವ ಅವಕಾಶ ಕೊಟ್ಟಿದ್ದೇನೆ? ಪಕ್ಕದ ಕುರ್ಚಿಯಲ್ಲಿ ಗಂಡನೋ ಮಗನೋ ಇರುತ್ತಾನೆ. ನಾನು ಅವಳನ್ನು ಕೇಳುತ್ತೇನೆ, ಅವನು ಉತ್ತರ ಹೇಳುತ್ತಾನೆ. ಐದು ನಿಮಿಷದಲ್ಲಿ ಮುಂದಿನ ರೋಗಿ. ಹೆಂಗಸರು ರೋಗ ಮುಚ್ಚಿಡುತ್ತಾರೆ ಎಂದು ದೂರುವುದು ಸುಲಭ. ಬಿಚ್ಚಿಡಲು ಅವರಿಗೆ ಜಾಗವೆಲ್ಲಿ, ಹೊತ್ತೆಲ್ಲಿ?

ಹೊತ್ತಿನ ಲೆಕ್ಕ ಬೇಕಿದ್ದರೆ ಕೇಂದ್ರ ಸರ್ಕಾರವೇ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ ಇದೆ. ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು 97 ನಿಮಿಷ. ಸುಮಾರು ಐದು ತಾಸಿನ ಈ ದುಡಿಮೆಗೆ ಭಾನುವಾರವೂ ಇಲ್ಲ, ನಿವೃತ್ತಿಯೂ ಇಲ್ಲ. ಮನೆ ತುಂಬ ಜನರಿದ್ದೂ ತನ್ನ ಮಾತು ಕೇಳುವವರಿಲ್ಲ ಎಂಬ ಒಂಟಿತನ ಬೇರೆ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ಅದು ಹೃದ್ರೋಗ, ಪಾರ್ಶ್ವವಾಯು, ಮಧುಮೇಹಗಳ ಅಪಾಯವನ್ನು ಹೆಚ್ಚಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ವರದಿಯಲ್ಲಿ ಹೇಳಿದೆ. ಗೆಳೆತನವನ್ನು ಹರಟೆಯೆಂದು ಹಗುರವಾಗಿ ಕಾಣುವವರು ಇದನ್ನು ಗಮನಿಸಬೇಕು.

ಎಲೆಯ ಮೇಲಿನ ಪಾಠ

ಇನ್ನು ಊಟದ ವಿಚಾರ. ಹೊಸ ಊರಿಗೆ ಹೋದಾಗ ಆ ಊರಿನ ಊಟವನ್ನೇ ಕೇಳಿ ಉಣ್ಣಿ. ಶಿರಸಿಗೆ ಹೋಗಿ ಗೋಬಿ ಮಂಚೂರಿ ತಿಂದು ಬರುವುದರಲ್ಲಿ ಅರ್ಥವಿಲ್ಲ. ನಮಗೆ ಬಡಿಸಿದ್ದು ಒಂದೆಲಗದ ತಂಬುಳಿ, ಅಪ್ಪೆಹುಳಿ, ಕೆಸುವಿನ ಎಲೆಯ ಪತ್ರೊಡೆ. ತಂಬುಳಿಯೆಂದರೆ ಎಲೆಯನ್ನು ಜೀರಿಗೆ, ಮೆಣಸಿನೊಂದಿಗೆ ತುಸು ಹುರಿದು, ತೆಂಗಿನಕಾಯಿಯ ಜೊತೆ ಅರೆದು, ಮಜ್ಜಿಗೆಗೆ ಬೆರೆಸುವುದು. ಎಣ್ಣೆ ಕಡಿಮೆ, ಸೊಪ್ಪು ಹೊಟ್ಟೆಗೆ ಹೋಗುತ್ತದೆ, ಮಾಡುವ ಶ್ರಮವೂ ಕಡಿಮೆ. ಒಂದೆಲಗ ತಿಂದರೆ ಮರೆವು ಹೋಗುತ್ತದೆ ಎಂದು ನಾನು ಹೇಳಲಾರೆ. ಆದರೆ ಕರಿದ ತಿಂಡಿಗಿಂತ ಹಿತವಾದದ್ದು ಎಂಬುದರಲ್ಲಿ ಸಂಶಯವಿಲ್ಲ.

ಕೆಸುವಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ. ಗಂಟಲು ತುರಿಸುವುದು ಅದರಿಂದಲೇ. ಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕೆಂದು ಆ ಮನೆಯ ಅಜ್ಜಿಗೆ ಯಾವ ಪುಸ್ತಕವೂ ಕಲಿಸಿಲ್ಲ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುತ್ತದೆ. ಅದನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತ ನೆನೆಸಿಟ್ಟು, ಬೇಯಿಸಿಯೇ ತಿನ್ನುವ ಪದ್ಧತಿ ಮಲೆನಾಡಿನಲ್ಲಿ ಬೆಳೆದು ಬಂದಿದೆ. ಆದ್ದರಿಂದ ಸಂತೆಯಲ್ಲಿ ಕಂಡಿತೆಂದು ಕೊಂಡು ತಂದು ಮನೆಯಲ್ಲಿ ಪ್ರಯೋಗ ಮಾಡಬೇಡಿ. ಮಾಡುವ ಕ್ರಮವನ್ನು ಬಲ್ಲವರಿಂದ ಕೇಳಿಕೊಳ್ಳಿ. ಮೂತ್ರಪಿಂಡದಲ್ಲಿ ಕಲ್ಲಾದವರು ಪತ್ರೊಡೆಯ ರುಚಿ ನೋಡಿದರೆ ಸಾಕು.

ಮಿಡಿ ಉಪ್ಪಿನಕಾಯಿ ಬಾಯಿಗೆ ಹಿತ, ರಕ್ತದೊತ್ತಡಕ್ಕಲ್ಲ. ತೊಡೆದೇವು ಸಿಹಿ, ಜೋನಿ ಬೆಲ್ಲವೂ ಸಕ್ಕರೆ ಕಾಯಿಲೆಯವರಿಗೆ ಸಕ್ಕರೆಯೇ. ಊಟದ ಮೇಲೆ ಕವಳದ ತಟ್ಟೆ ಬಂತು. ಅಡಕೆ ಬೆಳೆಯುವ ಮನೆಯಲ್ಲಿ ಬೇಡವೆನ್ನಲು ಸಂಕೋಚ, ನಿಜ. ಆದರೆ ಅಡಕೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೇಳಿದೆ. ಅವರ ತೋಟಕ್ಕೆ ಒಳ್ಳೆಯದಾಗಲಿ ಎಂದು ಹಾರೈಸಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಎಣ್ಣೆ, ಹಂಡೆ, ಎಚ್ಚರ

ಈಗ ದೇಹದ ಆರೈಕೆಯ ಹೆಸರಿನಲ್ಲಿ ದೊಡ್ಡ ವ್ಯಾಪಾರವೇ ನಡೆಯುತ್ತಿದೆ. ಮೈಯ 'ವಿಷ' ತೆಗೆಯುತ್ತೇವೆ, ಎರಡೇ ದಿನದಲ್ಲಿ ಹೊಸ ಮನುಷ್ಯರನ್ನಾಗಿ ಮಾಡುತ್ತೇವೆ ಎಂಬ ಜಾಹೀರಾತುಗಳಿಗೆ ಬರವಿಲ್ಲ. ಮೈಯ ಕಶ್ಮಲ ತೆಗೆಯಲು ಪಿತ್ತಜನಕಾಂಗ, ಮೂತ್ರಪಿಂಡಗಳಿವೆ. ಎರಡು ದಿನದ ರಜೆಗೆ ಆ ಕೆಲಸ ವಹಿಸಬೇಕಿಲ್ಲ. ತೆಂಗಿನೆಣ್ಣೆ, ಸೀಗೆಪುಡಿ, ಹಂಡೆಯ ಬಿಸಿನೀರು, ಬೆನ್ನು ತಿಕ್ಕಲು ಒಬ್ಬ ಗೆಳತಿ ಇದ್ದರೆ ಸಾಕು. ಬಿಗಿದ ಕುತ್ತಿಗೆ ಸಡಿಲವಾಗುತ್ತದೆ, ನಿದ್ದೆ ಬರುತ್ತದೆ. ಅದೇನು ಕಡಿಮೆ ಲಾಭವೇ?

ಆದರೆ ಎಣ್ಣೆಗಾಲಿನಲ್ಲಿ ಬಚ್ಚಲಿನ ಕಲ್ಲಿನ ಮೇಲೆ ಜಾರಿ ಬಿದ್ದರೆ, ಐವತ್ತು ದಾಟಿದವರ ಮೂಳೆ ಮುರಿಯಲು ಹೊತ್ತು ಬೇಡ. ರಕ್ತದೊತ್ತಡದ ಗುಳಿಗೆ ತಿನ್ನುವವರು ಬಿಸಿನೀರು ಹಾಕಿಕೊಂಡ ಮೇಲೆ ಥಟ್ಟನೆ ಏಳಬಾರದು; ತಲೆ ಸುತ್ತೀತು.

ಹೊರಡುವ ಮುನ್ನ ಇನ್ನೂ ಕೆಲವು ಮಾತು. ದಿನದ ಗುಳಿಗೆಗಳನ್ನು ಎರಡು ದಿನಕ್ಕೆ ಹೆಚ್ಚಾಗಿಯೇ ಇಟ್ಟುಕೊಳ್ಳಿ, ಕೈಚೀಲದಲ್ಲಿಯೇ ಇರಲಿ. 'ರಜೆಯಲ್ಲವೇ' ಎಂದು ಅವುಗಳಿಗೂ ರಜೆ ಕೊಡಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಂಡು, ಬಸ್ಸು ತಡವಾಗಿ ಊಟ ತಪ್ಪಿದರೆ ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಆಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿಯಬೇಕು. ಕಾಡಿನ ದಾರಿಗೆ ಮೈತುಂಬ ಬಟ್ಟೆ ಇರಲಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಹಾವಳಿ ಹೆಚ್ಚು. ಆ ದಿನಗಳಲ್ಲಿ ಸ್ಥಳೀಯರು ಹೋಗಬೇಡಿ ಎಂದ ಕಾಡಿಗೆ ಹೋಗಲೇಬೇಡಿ.

ಮರಳಿ ಬಂದ ಮೇಲೆ

ರಜೆಯ ಹಿತ ಬಹಳ ದಿನ ಉಳಿಯುವುದಿಲ್ಲ. ಈ ಬಗ್ಗೆ ಅಧ್ಯಯನ ಮಾಡಿದವರು, ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಅದು ಕರಗತೊಡಗುತ್ತದೆ ಎಂದಿದ್ದಾರೆ. ಪಾತ್ರೆಯ ರಾಶಿ ಕಾದಿದ್ದರೆ ವಾರವೂ ಬೇಡ, ಬಾಗಿಲು ತೆರೆದ ಕೂಡಲೇ ಕರಗುತ್ತದೆ. ಅಂದರೆ ಹೋಗುವುದು ವ್ಯರ್ಥವೇ? ಅಲ್ಲ. ಅಲ್ಲಿಂದ ಒಂದು ರೂಢಿಯನ್ನು ಮನೆಗೆ ತರಬೇಕು ಎಂದರ್ಥ. ನಾವು ತಂದದ್ದು ಎರಡು. ವಾರಕ್ಕೊಮ್ಮೆ, ಯಾರೂ ಬಾಗಿಲು ತಟ್ಟಬಾರದ ಒಂದು ತಾಸು. ತಿಂಗಳಿಗೊಮ್ಮೆ, ಎದುರಿಗೆ ಯಾರೂ ಇಲ್ಲದ ಹೊತ್ತು ನೋಡಿಕೊಂಡು ಫೋನು. "ಆರಾಮ?" ಎಂದು ಕೇಳಿ ಸುಮ್ಮನಾಗುವುದಿಲ್ಲ. "ನಿದ್ದೆ ಬರತದೇನು? ಗುಳಿಗೆ ತಗೊಂಡಿ? ಎಲ್ಲಾದರೂ ಗಂಟು, ರಕ್ತ, ನೋವು ಅದಏನು?" ಎಂದೇ ಕೇಳುತ್ತೇವೆ. ಮೂವತ್ತು ದಾಟಿದವರಿಗೆ ರಕ್ತದೊತ್ತಡ, ಮಧುಮೇಹ, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೇ ಇದೆ. ಗೆಳತಿಯರು ಜೊತೆಯಾಗಿ ಹೋದರೆ ಅರ್ಧ ಹೆದರಿಕೆ ಅಲ್ಲಿಯೇ ಕಳೆಯುತ್ತದೆ.

ದೂರ ಹೋಗಲಾಗದವರು ಹತ್ತಿರದ ಊರಿಗೆ ಹೋಗಿ. ಅದೂ ಆಗದಿದ್ದರೆ ಗೆಳತಿಯ ಮನೆಯಲ್ಲಿ ಒಂದು ರಾತ್ರಿ ಉಳಿಯಿರಿ. ಶಿರಸಿಯೇ ಆಗಬೇಕೆಂದಿಲ್ಲ, ಬಡಿಸುವವರು ಬೇರೆಯವರಾಗಿರಬೇಕು, ಕೇಳುವವರು ನಿಮ್ಮವರಾಗಿರಬೇಕು, ಅಷ್ಟೇ.

ಇನ್ನು ಈ ಪುಟ ಓದುವ ಗಂಡಸರಿಗೆ ಒಂದು ಮಾತು. ನಿಮ್ಮ ಮನೆಯಾಕೆ ಹೊರಡುತ್ತೇನೆಂದರೆ 'ನಮ್ಮ ಊಟಕ್ಕೇನು?' ಎಂಬುದು ಮೊದಲ ಪ್ರಶ್ನೆಯಾಗದಿರಲಿ. ಅನ್ನಕ್ಕೆ ಎಷ್ಟು ನೀರು, ತಾಯಿಯ ಗುಳಿಗೆ ಯಾವ ಡಬ್ಬಿಯಲ್ಲಿದೆ ಎಂದು ಈಗಲೇ ಕೇಳಿ ತಿಳಿದುಕೊಳ್ಳಿ. ಅವಳು ಮರಳಿ ಬರುವ ದಿನ ಪಾತ್ರೆ ತೊಳೆದಿರಲಿ, ಒಲೆಯ ಮೇಲೆ ಬಿಸಿ ಅನ್ನವಿರಲಿ. ಅವಳು ಕುಳಿತು ಉಣ್ಣಲಿ, ನೀವು ಬಡಿಸಿ.