ಹರಟೆಗೆ ಲಾಭದ ಲೆಕ್ಕವೇಕೆ?

ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಇನ್ಫೋಸಿಸ್‌ನ ನಾರಾಯಣಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಹೇಳಿದಾಗ ಎದ್ದ ಗದ್ದಲ ನೆನಪಿರಬಹುದು. ಆ ಮಾತಿಗಿಂತ ನನ್ನನ್ನು ಹೆಚ್ಚು ಕೆಣಕಿದ್ದು ವಿರೋಧಿಸಿದವರ ವಾದ. ಬಿಡುವು ಸಿಕ್ಕರೆ, ನಾಲ್ಕು ಜನರೊಡನೆ ಬೆರೆತರೆ, ಸೋಮವಾರದ ಕೆಲಸ ಇನ್ನೂ ಚೆನ್ನಾಗಿ ಆಗುತ್ತದಂತೆ! ಎತ್ತಿಗೆ ಮೇವು ಹಾಕುವವನ ಲೆಕ್ಕವೂ ಇದೇ. ನನ್ನ ಕೇಳಿದರೆ, ಗೆಳೆಯರ ಜೊತೆ ಕೂತು ಹರಟುವ ಒಂದೆರಡು ಸಂಜೆ ಸಿಗಲಿ ಅಂತಲೇ ನಾವು ದುಡಿಯುವುದು.

ಹರಟೆಯ ಪರ ವಹಿಸುವವರು ಧಾರವಾಡದ ಅಟ್ಟವನ್ನು ಎಳೆದು ತರುತ್ತಾರೆ. ಜಿ. ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆಯ ಆ ಅಟ್ಟದಲ್ಲಿ ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡ ಮೊದಲಾದವರು ಕೂತು ಮಾತಾಡಿದ್ದಾರೆ. ಕಾರ್ನಾಡರ ‘ಯಯಾತಿ’ 1961ರಲ್ಲಿ ಹೊರಬಂದದ್ದೂ ಈ ಮಾಲೆಯಿಂದಲೇ. ನೋಡಿ, ಹರಟೆ ವ್ಯರ್ಥವಲ್ಲ ಎನ್ನುತ್ತಾರೆ. ಅಂದರೆ ನಾಟಕ ಹುಟ್ಟದಿದ್ದರೆ ವ್ಯರ್ಥವೇ? ಒಂದು ಸಾಲೂ ಬರೆಯದೆ, ಚಹಾ ಕುಡಿದು, ಯಾರದೋ ಕವಿತೆಯನ್ನು ಜಾಡಿಸಿ, ನಕ್ಕು ಮನೆಗೆ ಹೋಗುವವರು ಇಂಥ ಕೂಟಗಳಲ್ಲಿ ಇದ್ದೇ ಇರುತ್ತಾರೆ. ಅವರ ಸಂಜೆ ಯಾವುದರಲ್ಲಿ ಕಡಿಮೆ?

ತೊಗರಿಬೇಳೆ ರೇಟು, ಮೆಟ್ರೊ ಕಾಮಗಾರಿ, ರಾಜ್‌ಕುಮಾರ್ ಸಿನಿಮಾದ ಯಾವುದೋ ದೃಶ್ಯ ಎಲ್ಲ ಮುಗಿದು, ‘ಸರಿ, ಬರ್ತೀನಪ್ಪಾ’ ಎಂದು ಗೆಳೆಯ ಏಳುತ್ತಾನೆ. ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಸ್ಕೂಟರಿಗೆ ಕೀ ಹಾಕಿ, ತಿರುಗಿಸದೆ ಗೇಟಿನ ಬಳಿ ನಿಂತೇ ಇರುತ್ತಾನೆ. ಆಮೇಲೆ ಬಾಯಿಬಿಡುತ್ತಾನೆ: ‘ಮಗಳ ನಿಶ್ಚಿತಾರ್ಥ ಮುರಿದುಬಿತ್ತು ಕಣೋ.’ ಅಷ್ಟು ಹೊತ್ತಿನ ಕಾಡುಹರಟೆ ಆಗದಿದ್ದರೆ ಈ ಮಾತು ಅವನ ಗಂಟಲು ದಾಟುತ್ತಿರಲಿಲ್ಲ. ‘ಹದಿನೈದು ನಿಮಿಷ ಫ್ರೀ ಇದ್ದೀನಿ, ಹೇಳು’ ಎಂದವನ ಮುಂದೆ ಇದನ್ನು ಯಾರು ಹೇಳಿಕೊಳ್ಳುತ್ತಾರೆ? ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಕೈಮುಗಿದ ಇಮೋಜಿಗಳು ಸಾಲಾಗಿ ಬರುತ್ತವೆ, ಅಷ್ಟೆ.

ಹೊತ್ತೆಂದರೆ ಹಣ ಎನ್ನುವವರಿಗೆ ಉತ್ತರ ಕೊಡುತ್ತ ಕೂರುವಷ್ಟು ಹೊತ್ತು ನನಗಿಲ್ಲ.

ಆದರೆ ಒಂದು ಆಕ್ಷೇಪವನ್ನು ಒಪ್ಪಲೇಬೇಕು. ಜಗಲಿಯಲ್ಲಿ ಗಂಡಸರ ಮಾತು ರಂಗೇರುತ್ತಿದ್ದಾಗ ಒಳಗೆ ಯಾರೋ ಮತ್ತೆ ಕಾಫಿಗೆ ನೀರಿಡುತ್ತಿದ್ದರು. ಹೆಂಗಸರೂ ಹರಟಿದ್ದಾರೆ, ನಿಜ; ಹಪ್ಪಳ ಒತ್ತುತ್ತ, ಅವರೆಕಾಳು ಹಿಸುಕುತ್ತ, ಕೈಗೆ ಬಿಡುವಿಲ್ಲದೆ. ಹಾಗಂತ ಜಗಲಿಯನ್ನೇ ಕೆಡವಬೇಕಿಲ್ಲ. ವಾರಕ್ಕೊಂದು ಸಂಜೆ ಅಡುಗೆಮನೆಯ ಪಾರುಪತ್ಯ ಗಂಡಸರು ವಹಿಸಿಕೊಳ್ಳಲಿ. ಕುಕ್ಕರ್ ಎಷ್ಟು ಸಲ ಕೂಗಿತೆಂಬ ಗೊಡವೆಯಿಲ್ಲದೆ ಮನೆಯಾಕೆ ಗೆಳತಿಯ ಮನೆಯಲ್ಲಿ ಕೂತು ಬರಲಿ.